ಹನ್ನೊಂದನೆಯ ಫಾರಂ

ಗೋಂದಕ್ಕನಿಗೆ ಆ ಹೆಸರು ಬಂದದ್ದು ಅಂಟಿನ ಡಬ್ಬಿಯಿಂದ ಎಂದು ಲೈಬ್ರರಿಗೆ ಹೊಸದಾಗಿ ಬಂದವರು ತಿಳಿದುಕೊಳ್ಳುತ್ತಾರೆ. ಅದು ಅರ್ಧ ನಿಜ. ಹರಿದ ಪುಸ್ತಕ ಬಿಚ್ಚಿ, ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಾಳೆ. ಇನ್ನರ್ಧ ನಿಜ ಏನೆಂದರೆ, ಹಿಂಬದಿಯ ಅವಳ ಕೋಣೆಯ ಬಾಗಿಲಲ್ಲಿ ಯಾರಾದರೂ ಒಂದು ನಿಮಿಷ ನಿಂತರೆ ಮುಗಿಯಿತು, ಕೈಗೊಂದು ಪುಸ್ತಕ ಅಂಟಿಸದೆ ಬಿಡುವವಳಲ್ಲ. ಹಿಡಿದರೆ ಉಡದ ಹಿಡಿತ.

ಅದೂ ಎಂಥ ಪುಸ್ತಕಗಳು ಅಂತೀರಿ. ಹಿಂದಿನ ಗೋಡೆಯ ಕಪಾಟಿನಲ್ಲಿ ಐವತ್ತು ಅರವತ್ತು ವರ್ಷದ ಹಿಂದೆ ಅಚ್ಚಾದ ವಿಜ್ಞಾನದ ಕಥೆಗಳು, ಮಾಯಾಲೋಕದ ಕಥೆಗಳು ಸಾಲಾಗಿ ನಿಂತಿವೆ. ಹಾಳೆ ಹಳದಿಯಾಗಿ, ಅಂಚು ಮುರಿದು, ಮೂಗಿಗೆ ಹಿಡಿದರೆ ಸೀನು ಬರುವಂಥವು. ಗ್ರಂಥಪಾಲಕರು ಒಳ್ಳೆಯ ಮನುಷ್ಯರೇ, ಆದರೆ ಆ ಕಪಾಟನ್ನು ಕಂಡರೆ ಅವರಿಗೆ ಮುಜುಗರ.

“ಮಕ್ಕಳ ಕಥೆಗಳನ್ನ ದೊಡ್ಡೋರಿಗೆ ಕೊಡ್ತೀರಲ್ಲ ಗೋಂದಕ್ಕ, ಹೊಸ ಪುಸ್ತಕ ಅಷ್ಟೊಂದು ಬಂದಿವೆ” ಎಂದರೆ ಅವಳು ಕತ್ತರಿ ಕೆಳಗಿಡದೆ ಉತ್ತರ ಕೊಡುತ್ತಾಳೆ.

“ಹೊಸದು ಬೇಡ ಅಂದೋರು ಯಾರು? ಅವಕ್ಕೆ ಜಾಹೀರಾತಿದೆ. ಇವಕ್ಕೆ ನಾನಿದೀನಿ. ನೂರು ಜನರ ಕೈಗೆ ಹೋಗಿಯೂ ಬದುಕಿ ಬಂದಿರೋ ಪುಸ್ತಕ ಅದು, ಅದರಲ್ಲಿ ಏನೋ ಇದ್ದಿರಲೇಬೇಕು. ಮತ್ತೆ ಆ ಕಥೆಗಳಲ್ಲಿ ಬರೋ ಹೆಂಗಸರನ್ನ ನೋಡಿ. ಯಾರಾದ್ರೂ ಬಂದು ಕಾಪಾಡಲಿ ಅಂತ ಒಬ್ಬಳಾದ್ರೂ ಕಿಟಕಿ ಹತ್ತಿರ ನಿಂತಿದಾಳಾ?”

ನಿಂತಿಲ್ಲ, ಅದು ನಿಜ. ಅವಳು ಕೊಡುವ ಕ್ರಮವೂ ಅವಳದೇ. ಬಂದವರ ಮುಖ ನೋಡುತ್ತಾಳೆ, ಕೈ ನೋಡುತ್ತಾಳೆ, “ಇವತ್ತು ಯಾರ ಮೇಲೆ ಸಿಟ್ಟು?” ಎಂದು ಕೇಳುತ್ತಾಳೆ. ಆಮೇಲೆ ಕಪಾಟಿಗೆ ಹೋಗುತ್ತಾಳೆ. ಪ್ರತಿ ಪುಸ್ತಕದ ಮೊದಲ ರಟ್ಟಿನ ಒಳಗೆ ಅವಳ ಕೈಬರಹದ ಒಂದು ಚೀಟಿ ಇರುತ್ತದೆ. ‘ಬೆಂಕಿಸರ್ಪಗಳ ಸೂಲಗಿತ್ತಿ’ಯ ಒಳಗೆ: ‘ಯಾರಿಗೆ: ದಿನವಿಡೀ ಬೇರೆಯವರ ಕಿರುಚಾಟ ಕೇಳಿ ಬಂದವರಿಗೆ.’ ಅದನ್ನು ಆಸ್ಪತ್ರೆಯ ನರ್ಸು ಮೂರು ಸಲ ಒಯ್ದಿದ್ದಾಳೆ. ‘ಗಾಜಿನ ಗ್ರಹದ ಲೆಕ್ಕಗಾರ್ತಿ’ಯ ಒಳಗೆ: ‘ಯಾರಿಗೆ: ಸರಿಯಾದದ್ದನ್ನೇ ಹೇಳಿ ಬೈಸಿಕೊಂಡವರಿಗೆ.’ ‘ನೆರಳು ಕಳೆದುಕೊಂಡ ರಾಣಿ’ಗೆ: ‘ಗಂಡ ಬಿಟ್ಟವರಿಗೆ. ಗಂಡನನ್ನು ಬಿಟ್ಟವರಿಗೂ ಆಗುತ್ತದೆ.’ ಆ ಪುಸ್ತಕ ಕಪಾಟಿನಲ್ಲಿ ನಿಂತದ್ದೇ ಕಡಿಮೆ.

ಕೋಣೆಗೆ ಒಂದೇ ಕಾನೂನು. ಮೇಜಿನ ಮೇಲ್ಗಡೆ ರಟ್ಟಿನ ತುಂಡಿನಲ್ಲಿ ದಪ್ಪಗೆ ಬರೆದು ಹಾಕಿದ್ದಾಳೆ: ‘ಇಲ್ಲಿ ಕಥೆಯ ಕೊನೆ ಹೇಳಬಾರದು.’ ಓದಿ ತಂದುಕೊಟ್ಟವರು ಬಾಯಿ ತೆರೆದ ಕೂಡಲೇ ಬೆರಳು ಆ ಬೋರ್ಡಿನ ಕಡೆಗೆ ಹೋಗುತ್ತದೆ. ಪಕ್ಕದಲ್ಲಿ ನಿಂತವರು ಅದೇ ಪುಸ್ತಕಕ್ಕೆ ಕಾದಿರಬಹುದು, ಅವರ ಬಾಯಿಯ ತುತ್ತು ಕಸಿಯಬಾರದು ಎಂಬುದು ಅವಳ ವಾದ. ಚೆನ್ನಾದ ಕಾನೂನೇ. ಆದರೆ ಚೆನ್ನಾದ ಕಾನೂನಿಗೂ ಒಂದು ಬೆನ್ನಿರುತ್ತದೆ, ಅಲ್ಲಿ ಧೂಳು ಕೂರುತ್ತದೆ.

ಈಗ ಅವಳ ತಂಗಿಯ ಮಗಳ ವಿಷಯಕ್ಕೆ ಬರೋಣ. ವಯಸ್ಸು ಇಪ್ಪತ್ತೆರಡು. ನಡೆಯಲು ಕಲಿತ ದಿನದಿಂದ ಕಪಾಟು, ಕಾಂಪೌಂಡು, ನೀರಿನ ಟ್ಯಾಂಕು ಯಾವುದನ್ನೂ ಹತ್ತದೆ ಬಿಟ್ಟವಳಲ್ಲ. ಅದಕ್ಕೇ ದೊಡ್ಡಮ್ಮ ಇಟ್ಟ ಹೆಸರು ಕೋತಿ. ಎಂಟು ತಿಂಗಳಿಂದ ದೊಡ್ಡಮ್ಮನ ಮನೆಯಲ್ಲೇ ಇದ್ದಾಳೆ, ಯಾಕೆಂದರೆ ಎರಡು ಬೀದಿಯಾಚೆ ಕ್ರೇನ್ ನಡೆಸುವುದನ್ನು ಕಲಿಸುವ ಅಂಗಳವಿದೆ. ಎತ್ತರದ ಕಟ್ಟಡ ಕಟ್ಟುವಾಗ ಮೇಲೆ ನಿಂತಿರುತ್ತದಲ್ಲ, ಆ ಕ್ರೇನು. ಹತ್ತೊಂಬತ್ತು ಜನ ಕಲಿಯುವವರಲ್ಲಿ ಹುಡುಗಿ ಇವಳೊಬ್ಬಳೇ.

ಪರೀಕ್ಷೆ ಹೀಗೆ. ಅಂಚಿನವರೆಗೆ ನೀರು ತುಂಬಿದ ಪೀಪಾಯಿಯನ್ನು ಕೊಕ್ಕೆಗೆ ಸಿಕ್ಕಿಸುತ್ತಾರೆ. ಮೇಲೆ ಕ್ಯಾಬಿನ್ನಿನಲ್ಲಿ ಕೂತವರು ಅದನ್ನು ಎತ್ತಿ, ಮೂರು ಕಂಬಗಳ ಸುತ್ತ ತಿರುಗಿಸಿ, ಸುಣ್ಣದಲ್ಲಿ ಬರೆದ ವೃತ್ತದೊಳಗೆ ಇಳಿಸಬೇಕು. ಚೆಲ್ಲಿ ನೀರಿನ ಮಟ್ಟ ನಾಲ್ಕು ಬೆರಳಿಗಿಂತ ಹೆಚ್ಚು ಇಳಿದರೆ ನಪಾಸು. ಮೂರು ಅವಕಾಶ, ನಾಲ್ಕನೆಯದಿಲ್ಲ. ಹುಡುಗಿ ಮೊದಲ ಸಲ ಕಂಬಕ್ಕೆ ಪೀಪಾಯಿ ತಾಗಿಸಿದಳು. ಎರಡನೆಯ ಸಲ ಅರ್ಧದಲ್ಲೇ ನಿಲ್ಲಿಸಿ ಇಳಿದು ಬಂದಳು. ಮೂರನೆಯದು ಶನಿವಾರ ಬೆಳಗ್ಗೆ ಒಂಬತ್ತಕ್ಕೆ.

ಹಿಂದಿನ ಭಾನುವಾರ ಅವಳು ದೊಡ್ಡಮ್ಮನ ಸೂಜಿಗಳಿಗೆ ದಾರ ಪೋಣಿಸುತ್ತ ಕೂತಿದ್ದಳು. ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ದೊಡ್ಡಮ್ಮ ಈಚೆಗೆ ಆ ಕೆಲಸವನ್ನು ಅವಳಿಗೇ ಕೊಡುತ್ತಿದ್ದಳು.

“ಕೈ ನಡುಗುತ್ತೆ ದೊಡ್ಡಮ್ಮ” ಎಂದಳು, ತಲೆಯೆತ್ತದೆ. “ಹತ್ತೋವಾಗ ಏನೂ ಇಲ್ಲ. ಹಿಡಿಕೆ ಹಿಡಿದ ಕೂಡಲೇ ಶುರು. ಕೆಳಗೆ ಎಲ್ರೂ ಕತ್ತೆತ್ತಿ ನೋಡ್ತಿರ್ತಾರಲ್ಲ, ಅದು.”

ಗೋಂದಕ್ಕ ಅವಳ ಕೈಯಿಂದ ಸೂಜಿ ತೆಗೆದಿಟ್ಟಳು. ಆಮೇಲೆ ಎದ್ದು, ತಾನು ಯಾರಿಗೂ ಸುಲಭಕ್ಕೆ ಕೊಡದ ಪುಸ್ತಕವನ್ನು ಚೀಲದಿಂದ ತೆಗೆದಳು. ‘ನಕ್ಷತ್ರದ ಅಂಬಿಗಿತ್ತಿ’, ಮೊದಲ ಭಾಗ. ಬರೆದವರ ಹೆಸರಿನ ಜಾಗದಲ್ಲಿ ‘ತಂತಿ ಕಚೇರಿಯ ಒಬ್ಬ ಗುಮಾಸ್ತೆ’ ಎಂದಷ್ಟೇ ಇತ್ತು. ಎರಡು ಚಂದ್ರಗಳ ನಡುವೆ ಧೂಳಿನ ಸಮುದ್ರ. ಅದರ ಮೇಲೆ ರೋಗಿಗಳನ್ನು ಈ ಚಂದ್ರನಿಂದ ಆ ಚಂದ್ರನ ವೈದ್ಯರಲ್ಲಿಗೆ ಸಾಗಿಸುವ ಒಂದು ಹಾಯಿದೋಣಿ. ಚುಕ್ಕಾಣಿ ಹಿಡಿದವಳು ಇಪ್ಪತ್ತೆರಡರ ಹುಡುಗಿ. ನಡುವೆ ಸುಳಿಗಾಳಿ. ಎರಡು ಸಲ ಹೋಗಿ ಎರಡು ಸಲವೂ ವಾಪಸ್ಸು ಬರುತ್ತಾಳೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಗೋಂದಕ್ಕ ಅದನ್ನು ಇದೇ ಲೈಬ್ರರಿಯಿಂದ ಒಯ್ದು ಒಂದೇ ಗುಕ್ಕಿಗೆ ಓದಿದ್ದಳು. ಲೈಬ್ರರಿಯಲ್ಲೇ ಕೆಲಸಕ್ಕೆ ಸೇರಬೇಕು ಅನ್ನಿಸಿದ್ದು ಅವತ್ತು. ಚೀಟಿಯಲ್ಲಿ ಅವಳು ಬರೆದದ್ದು: ‘ಯಾರಿಗೆ: ಧೈರ್ಯವಂತೆಯರಿಗೆ.’

“ಇದು ನನಗಲ್ಲ ಬಿಡು” ಎಂದಳು ಹುಡುಗಿ, ಚೀಟಿ ನೋಡಿ.

“ಬಾಯಿ ಮುಚ್ಕೊಂಡು ಓದು. ಶುಕ್ರವಾರದೊಳಗೆ ಮುಗಿಸ್ಬೇಕು.”

ಹುಡುಗಿ ಓದಿದಳು. ಸೋಮವಾರ ಊಟದ ಹೊತ್ತಿಗೆ “ದೊಡ್ಡಮ್ಮ, ಇವಳು ಭಾರಿ ಜೋರಿದಾಳೆ” ಎಂದಳು. ಬುಧವಾರ ಮಾತೇ ಇಲ್ಲ, ಪುಸ್ತಕದೊಳಗೇ ಮುಖ. ಗೋಂದಕ್ಕ ಒಳಗೊಳಗೇ ಹಿಗ್ಗಿದಳು. ಶುಕ್ರವಾರ ಬೆಳಗ್ಗೆ ಎದ್ದು ನೋಡಿದರೆ ಪುಸ್ತಕ ಊಟದ ಮೇಜಿನ ಮೇಲೆ ಮುಚ್ಚಿಟ್ಟಿತ್ತು, ಪಕ್ಕದಲ್ಲಿ ಹುಡುಗಿ ತನ್ನ ಬಟ್ಟೆಗಳನ್ನು ಮಡಿಚಿ ಚೀಲಕ್ಕೆ ತುಂಬುತ್ತಿದ್ದಳು.

“ನಾಳೆ ಎಂಟು ಗಂಟೆ ಬಸ್ಸಿಗೆ ಮನೆಗೆ ಹೋಗ್ತೀನಿ. ಅಮ್ಮನಿಗೆ ಫೋನ್ ಮಾಡಿ ಹೇಳಿದೀನಿ. ಮಾವನ ಅಂಗಡೀಲಿ ಕೂರ್ತೀನಿ.”

“ಎಂಟಕ್ಕೆ ಬಸ್ಸು, ಒಂಬತ್ತಕ್ಕೆ ಪರೀಕ್ಷೆ. ತಲೆ ನೆಟ್ಟಗಿದೆಯಾ?”

“ಪರೀಕ್ಷೆ ಬಿಟ್ಟೆ.” ಹುಡುಗಿ ಮೆಲ್ಲಗೆ ಹೇಳಿದಳು, ಸಿಟ್ಟಿನಿಂದಲ್ಲ. “ನಿನ್ನ ಪುಸ್ತಕ ಓದಿ ಮನಸ್ಸು ಹಗುರ ಆಯ್ತು. ಅಂಥ ಅಂಬಿಗಿತ್ತಿಗೇ ಆಗ್ಲಿಲ್ಲ ಅಂದ್ಮೇಲೆ ನಂದೇನು? ಕೈ ನಡುಗಿದ್ರೆ ಬಿಟ್ಟು ಇಳೀಬೇಕು. ಅದರಲ್ಲಿ ನಾಚಿಕೆ ಇಲ್ಲ. ಅದನ್ನೇ ಹೇಳೋಕೆ ಅಲ್ವಾ ನೀನು ಕೊಟ್ಟಿದ್ದು?”

ಗೋಂದಕ್ಕನಿಗೆ ತಲೆಯೂ ಅರ್ಥವಾಗಲಿಲ್ಲ, ಬುಡವೂ ಅರ್ಥವಾಗಲಿಲ್ಲ. “ಅವಳಿಗೆ ಆಗ್ಲಿಲ್ಲ ಅಂತ ಯಾರು ಹೇಳಿದ್ದು? ಕೊನೇಲಿ ಏನಾಯ್ತು ಅಂತ ಓದಿದೆ ನೀನು?”

“ಕೊನೆ ಹೇಳ್ಬಾರ್ದು ಅಂತ ಬೋರ್ಡ್ ಹಾಕಿರೋಳು ನೀನೇ” ಎಂದು ನಕ್ಕು ಹುಡುಗಿ ಸ್ನಾನಕ್ಕೆ ಹೋದಳು.

ಗೋಂದಕ್ಕ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕೆಲಸಕ್ಕೆ ನಡೆದಳು. ದಾರಿಯುದ್ದಕ್ಕೂ ಬೈಗುಳ. ಈಗಿನವರಿಗೆ ಓದೋಕೆ ಬರೋಲ್ಲ, ಪುಟ ಹಾರಿಸ್ತಾರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೋಣೆಗೆ ಬಂದು, ಬಾಗಿಲು ಹಾಕಿ, ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಆ ಪುಸ್ತಕದ ಕೊನೆಯನ್ನು ತೆರೆದಳು. ತಾನೇ ಕಟ್ಟಿದ ಪುಸ್ತಕವನ್ನು ಅವಳು ಮತ್ತೆ ತೆರೆದು ನೋಡುವುದಿಲ್ಲ. ಹೊಲಿದ ಗಾಯವನ್ನು ಕೆದಕಿ ನೋಡುವ ಚಪಲ ಅದು ಎಂಬುದು ಅವಳ ಅಭಿಪ್ರಾಯ. ಓದುವುದಕ್ಕೇನಿದೆ, ಎಲ್ಲ ಬಾಯಿಪಾಠ.

ನೂರ ಅರವತ್ತನೆಯ ಪುಟ ಅವಳಿಗೆ ಗೊತ್ತಿದ್ದ ಹಾಗೆಯೇ ಮುಗಿಯಿತು: ‘ಅವಳು ತನ್ನ ಕೈಗಳನ್ನು ನೋಡಿಕೊಂಡಳು.’ ಹಾಳೆ ತಿರುಗಿಸಿದಳು. ನೂರ ಅರವತ್ತೊಂದು: ‘ಎರಡೂ ನಡುಗುತ್ತಿದ್ದವು. ಚುಕ್ಕಾಣಿಯನ್ನು ಪಕ್ಕದ ಹುಡುಗಿಗೆ ಒಪ್ಪಿಸಿ, ಮಾತಿಲ್ಲದೆ ದಡಕ್ಕಿಳಿದಳು.’

ಇದು ಅವಳು ಓದಿದ ಪುಟವಲ್ಲ. ಅವಳು ಓದಿದ್ದರಲ್ಲಿ ಅಂಬಿಗಿತ್ತಿ ಇಳಿಯುವುದೇ ಇಲ್ಲ. ಕಣ್ಣು ತಾನಾಗಿಯೇ ಪುಟದ ಅಡಿಗೆ ಹೋಯಿತು. ಹದಿನಾರು ಹದಿನಾರು ಪುಟಗಳ ಒಂದೊಂದು ಫಾರಂ ಆಗಿ ಪುಸ್ತಕ ಅಚ್ಚಾಗುತ್ತದೆ. ಬೈಂಡರಿಗೆ ಗುರುತು ಸಿಗಲೆಂದು ಪ್ರತಿ ಫಾರಮ್ಮಿನ ಮೊದಲ ಪುಟದ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಪುಸ್ತಕದ ಹೆಸರೂ ಭಾಗವೂ ಫಾರಮ್ಮಿನ ಸಂಖ್ಯೆಯೂ ಇರುತ್ತವೆ. ಅಲ್ಲಿ ಇರಬೇಕಾದದ್ದು ‘ನ.ಅಂ. ೧ – ೧೧’. ಇದ್ದದ್ದು ‘ನ.ಅಂ. ೨ – ೧೧’.

ಗೋಂದಕ್ಕ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಇದು ಎರಡನೆಯ ಭಾಗದ ಹನ್ನೊಂದನೆಯ ಫಾರಂ.

ಈಗ ಎಲ್ಲ ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಎರಡೂ ಭಾಗಗಳ ಹೊಲಿಗೆ ಬಿಟ್ಟಿತ್ತು, ಎರಡನ್ನೂ ಒಟ್ಟಿಗೆ ಬಿಚ್ಚಿದ್ದಳು. ಒಂದೇ ಅಳತೆ, ಒಂದೇ ಅಚ್ಚು, ಎರಡಕ್ಕೂ ಹನ್ನೊಂದೇ ಫಾರಂ. ಜೋಡಿಸುವಾಗ ಒಂದರಿಂದ ಹನ್ನೊಂದರವರೆಗೆ ಸಂಖ್ಯೆ ನೋಡಿದಳು. ಭಾಗ ನೋಡಲಿಲ್ಲ. ಹೊಸಬಳು ಮಾಡುವ ತಪ್ಪು. ಅನುಭವ ಇದ್ದವರು ಮಾಡುವುದಿಲ್ಲ, ಅನುಭವ ಇಲ್ಲದವರ ಕೈಗೆ ಯಾರೂ ಎರಡು ಪುಸ್ತಕ ಒಟ್ಟಿಗೆ ಕೊಡುವುದೂ ಇಲ್ಲ; ಅವಳು ತಾನೇ ಕೇಳಿ ತೆಗೆದುಕೊಂಡಿದ್ದಳು, ಅಂಬಿಗಿತ್ತಿಯನ್ನು ಬೇರೆ ಯಾರೂ ಮುಟ್ಟಬಾರದೆಂದು. ಎರಡನೆಯ ಭಾಗದ ಈ ಕೊನೆಯ ಫಾರಮ್ಮನ್ನು ಅವಳು ಓದಿರಲೂ ಇಲ್ಲ. ಓದಿದರೆ ಅಂಬಿಗಿತ್ತಿ ಮುಗಿದುಹೋಗುತ್ತಾಳಲ್ಲ ಎಂದು ಹದಿನಾರು ಪುಟ ಉಳಿಸಿಕೊಂಡಿದ್ದಳು, ಮಕ್ಕಳು ಕೊನೆಯ ತುಂಡು ಸಿಹಿಯನ್ನು ಉಳಿಸಿಕೊಳ್ಳುವ ಹಾಗೆ.

ಪುಸ್ತಕದ ಹಿಂದಿನ ಕಾರ್ಡಿನಲ್ಲಿ ಒಯ್ದವರ ಹೆಸರು, ತಾರೀಕುಗಳಿದ್ದವು. ಎಣಿಸಿದಳು. ಬೈಂಡ್ ಆದ ಮೇಲೆ ನಲವತ್ತಮೂರು ಜನ ಒಯ್ದಿದ್ದರು. ಬಹುಪಾಲು ಹೆಂಗಸರು, ಬಹುಪಾಲು ಅವಳೇ ಕೈಗೆ ಕೊಟ್ಟವರು. ಇದನ್ನೋದು, ನಿನಗೆ ಧೈರ್ಯ ಬರುತ್ತೆ ಎಂದು ಹೇಳಿ ಹೇಳಿ, ನಲವತ್ತಮೂರು ಜನಕ್ಕೆ ದಡಕ್ಕಿಳಿಯುವುದನ್ನು ಓದಿಸಿದ್ದಳು. ಒಬ್ಬರಾದರೂ ಬಂದು ಹೇಳಲು ಬಿಟ್ಟಿದ್ದಳೇ? ಗೋಂದಕ್ಕ ಬೋರ್ಡನ್ನು ನೋಡಿದಳು. ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಚಿಕೆಯಾಯಿತು. ಆಮೇಲೆ ಮೂಗು ಸೀಟಿ ಎದ್ದಳು. ನಲವತ್ತೆರಡು ಜನರನ್ನು ಆಮೇಲೆ ಹುಡುಕಬಹುದು, ನಲವತ್ತಮೂರನೆಯವಳ ಬಸ್ಸು ನಾಳೆ ಎಂಟಕ್ಕೆ.

ಎರಡನೆಯ ಭಾಗ ಕಪಾಟಿನಲ್ಲಿರಲಿಲ್ಲ.

“ರಿಜಿಸ್ಟರ್ ಪ್ರಕಾರ ಮೇಷ್ಟ್ರ ಹತ್ತಿರ ಇದೆ” ಎಂದರು ಗ್ರಂಥಪಾಲಕರು. “ಆದ್ರೆ ವಾಪಸ್ ಕೊಡೋ ತಾರೀಕು ಮುಂದಿನ ಬುಧವಾರ. ಅದಕ್ಕೆ ಮುಂಚೆ ಕೇಳೋ ಹಾಗಿಲ್ಲ, ನಿಯಮ.”

“ನಿಯಮನ ನೀವು ನೋಡ್ಕೊಳ್ತಿರಿ, ನಾನು ಮೇಷ್ಟ್ರನ್ನ ನೋಡ್ಕೊಂಡು ಬರ್ತೀನಿ.”

ಮೇಷ್ಟ್ರು ಎಂದರೆ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಹಿಂದಿನ ಕಪಾಟಿನ ಅರ್ಧ ಪುಸ್ತಕಗಳನ್ನು ಎರಡೆರಡು ಸಲ ಓದಿದವರು. ಮನೆಯಲ್ಲಿ ಇರಲಿಲ್ಲ. ಈಜುಕೊಳದಲ್ಲಿದ್ದಾರೆ ಎಂದು ಸೊಸೆ ಹೇಳಿದಳು, ಏನು ಮಾಡುವುದು ಅಮ್ಮ ಎನ್ನುವ ಮುಖ ಮಾಡಿ. ಗೋಂದಕ್ಕ ಅಲ್ಲಿಗೂ ಹೋದಳು. ಮೇಷ್ಟ್ರು ಕೊಳದ ಆಳವಿಲ್ಲದ ಕಡೆಯಲ್ಲಿ, ತಲೆಗೆ ಹಳದಿ ರಬ್ಬರ್ ಟೋಪಿ ಹಾಕಿಕೊಂಡು, ಗೋಡೆಯ ಕಂಬಿ ಹಿಡಿದು ಕಾಲು ಬಡಿಯುತ್ತಿದ್ದರು.

“ಮೇಷ್ಟ್ರೇ, ಅಂಬಿಗಿತ್ತಿ ಎರಡನೇ ಭಾಗ ಎಲ್ಲಿ?”

“ಚೀಲದಲ್ಲಿದೆ, ಮೂರನೇ ಸಲ ಓದ್ತಿದೀನಿ” ಎಂದರು ಮೇಷ್ಟ್ರು, ಏದುಸಿರಿನಲ್ಲಿ. “ಯಾಕೆ?”

ಗೋಂದಕ್ಕ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಮೇಷ್ಟ್ರು ಕಾಲು ಬಡಿಯುವುದನ್ನು ನಿಲ್ಲಿಸಿದರು.

“ಅಂದ್ರೆ ಮೊದಲ ಭಾಗದ ಕೊನೇಲಿ ಬರೋದು ಕಾಲದ ನೆಗೆತ ಅಲ್ವಾ? ಇದ್ದಕ್ಕಿದ್ದ ಹಾಗೆ ಅವಳ ಕೂದಲು ನೆರೆತಿರುತ್ತಲ್ಲ. ಎಂಥ ತಂತ್ರ, ಆ ಕಾಲಕ್ಕೇ ಎಷ್ಟು ಮುಂದೆ ಇದ್ರು ಆ ಲೇಖಕಿ ಅಂತ ನಾನು ಕಾಲೇಜಿನಲ್ಲಿ ಒಂದು ಗಂಟೆ ಭಾಷಣ ಮಾಡಿದೀನಿ, ಗೋಂದಕ್ಕ.”

“ಲೇಖಕಿ ತಂತ್ರ ಅಲ್ಲ, ನನ್ನ ಸೂಜಿ ತಂತ್ರ. ನನಗೆ ಯಾಕೆ ಹೇಳ್ಲಿಲ್ಲ ನೀವು?”

“ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬೋರ್ಡ್ ತೋರಿಸಿದ್ರಿ.”

ಮೇಷ್ಟ್ರು ಕಂಬಿ ಬಿಟ್ಟು ನೀರಿನಲ್ಲಿ ಸುಮ್ಮನೆ ನಿಂತರು. ಅವರ ಮುಖ ಬೇರೆಯಾಯಿತು.

“ಎರಡನೇ ಭಾಗದಲ್ಲಿ ಅವಳಿಗೆ ಅರವತ್ತು. ಹಾಗಾದ್ರೆ ಅದರ ಕೊನೇಲಿ ಮತ್ತೆ ಚುಕ್ಕಾಣಿ ಹಿಡೀತಾಳಲ್ಲ, ನಡುಗೋ ಕೈಯಲ್ಲೇ ಸುಳಿಗಾಳಿ ದಾಟ್ತಾಳಲ್ಲ, ಅದು ಅರವತ್ತರವಳಲ್ಲ?”

“ಇಪ್ಪತ್ತೆರಡರವಳು.”

“ಅರವತ್ತರಲ್ಲಿ ಅವಳು ದಾಟಿದ್ಳು ಅಂತ ನಾನು ಅರವತ್ತಾರರಲ್ಲಿ ಈಜು ಕಲಿಯೋಕೆ ಬಂದೆ” ಎಂದರು ಮೇಷ್ಟ್ರು.

ಗೋಂದಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೇಷ್ಟ್ರೇ ಮೊದಲು ನಕ್ಕರು. “ಇರಲಿ, ಮುಳುಗಲಿಲ್ಲವಲ್ಲ. ತಗೊಂಡು ಹೋಗಿ. ಚೀಲ ಆ ಮೂಲೇಲಿದೆ, ಟವೆಲ್ ಕೆಳಗೆ.”

ಸಂಜೆ ಆರಕ್ಕೆ ಗೋಂದಕ್ಕ ಮನೆಗೆ ಬಂದಾಗ ಹುಡುಗಿಯ ಚೀಲ ಬಾಗಿಲ ಹತ್ತಿರ ಸಿದ್ಧವಾಗಿ ಕೂತಿತ್ತು. ಗೋಂದಕ್ಕ ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಮೇಜಿನ ದೀಪ ಹಾಕಿ, ಎರಡೂ ಪುಸ್ತಕ ಇಟ್ಟು, ಬೈಂಡಿಂಗ್ ಚಾಕು ತೆಗೆದಳು.

“ಕೂತ್ಕೋ ಕೋತಿ. ನೀನು ಓದಿದ್ದು ಅವಳ ಕಥೆಯಲ್ಲ. ಅವಳ ಕಥೆಗೆ ನಾನು ಬೇರೆ ಬಾಲ ಅಂಟಿಸಿದೀನಿ.”

ಹೇಳಿದ್ದನ್ನೆಲ್ಲ ಕೇಳಿ ಹುಡುಗಿ ತಲೆಯಾಡಿಸಿದಳು. “ದೊಡ್ಡಮ್ಮ, ನನ್ನನ್ನ ಪರೀಕ್ಷೆಗೆ ಕಳಿಸೋಕೆ ಕಥೆ ಕಟ್ತಿದೀಯ.”

“ಕಟ್ಟೋದು ನನ್ನ ಕೆಲಸವೇ, ಆದ್ರೆ ಇದನ್ನ ಬಿಚ್ಚಿ ತೋರಿಸ್ತೀನಿ” ಎಂದು ಗೋಂದಕ್ಕ ಎರಡನೆಯ ಭಾಗದ ಬೆನ್ನಿಗೆ ಚಾಕು ಹಾಕಿದಳು. ಹೊಲಿಗೆಯ ದಾರ ಒಂದೊಂದಾಗಿ ಕತ್ತರಿಸಬೇಕು, ಹಾಳೆಗೆ ತಾಗಬಾರದು. ಮೊದಲನೆಯದು ತುಂಡಾಯಿತು. ಎರಡನೆಯದಕ್ಕೆ ಚಾಕುವಿನ ತುದಿ ಅತ್ತಿತ್ತ ಅಲ್ಲಾಡಿತು. ಬೆಳಗ್ಗಿನಿಂದ ಓಡಾಡಿದ ಆಯಾಸ, ಮುಚ್ಚಿಡಲು ಆಗಲಿಲ್ಲ.

“ದೊಡ್ಡಮ್ಮ, ನಿನ್ನ ಕೈ.”

“ಹೂಂ, ನಡುಗ್ತಿದೆ.”

“ಯಾವಾಗಿಂದ?”

“ಎರಡು ವರ್ಷ ಆಯ್ತು. ಕಣ್ಣು ಕಾಣಲ್ಲ ಅಂತ ಸುಳ್ಳು ಹೇಳಿ ನಿನ್ನ ಕೈಲಿ ದಾರ ಪೋಣಿಸ್ತಿದ್ದಿದ್ದು ಅದಕ್ಕೇ. ಗ್ರಂಥಪಾಲಕರಿಗೆ ಗೊತ್ತಿಲ್ಲ. ನಿಮ್ಮಮ್ಮನಿಗಂತೂ ಹೇಳ್ಬೇಡ, ನಾಳೆಗೆ ಡಂಗುರ ಹೊಡೆಸ್ತಾಳೆ.”

ಹುಡುಗಿ, ದೊಡ್ಡಮ್ಮ ಆ ವಾರ ಕಟ್ಟಿ ತಂದಿಟ್ಟಿದ್ದ ಒಂದು ಪುಸ್ತಕವನ್ನು ಎತ್ತಿಕೊಂಡು, ನಡುವೆ ತೆರೆದು ಹೊಲಿಗೆ ನೋಡಿದಳು. ಗೆರೆ ಎಳೆದಷ್ಟು ನೆಟ್ಟಗಿತ್ತು.

“ಹೆಂಗೆ?” ಎಂದಳು.

“ಹೆಂಗೇನು. ಮೊಣಕೈನ ಮೇಜಿಗೆ ಊರ್ತೀನಿ. ಉಸಿರು ಬಿಡ್ತಾ ದಾರ ಎಳೀತೀನಿ. ನಡುಕ ಮಣಿಕಟ್ಟಲ್ಲೇ ಕುಣೀತಿರುತ್ತೆ, ಕುಣೀಲಿ, ಸೂಜಿ ತುದಿವರೆಗೆ ಬರೋಕೆ ಅದಕ್ಕೆ ದಾರಿ ಸಿಗಲ್ಲ. ಅದು ನಿಲ್ಲಲಿ ಆಮೇಲೆ ಹೊಲೀತೀನಿ ಅಂತ ಕೂತಿದ್ರೆ ಎರಡು ವರ್ಷದಲ್ಲಿ ಒಂದು ಪುಸ್ತಕ ಕಟ್ತಿರ್ಲಿಲ್ಲ.”

ಹುಡುಗಿ ತನ್ನ ಮೊಣಕೈಯನ್ನು ಮೇಜಿಗೆ ಊರಿ ನೋಡಿದಳು. “ಕ್ಯಾಬಿನ್‌ನಲ್ಲಿ ಮೊಣಕೈ ಊರೋಕೆ ಒಂದು ಪಟ್ಟಿ ಇದೆ” ಎಂದಳು. “ಯಾರೂ ಊರಲ್ಲ. ಊರಿದ್ರೆ ಹುಡುಗರು ಮುದುಕಿ ಅಂತ ನಗ್ತಾರೆ.”

“ನಗಲಿ. ಅವರ ಪೀಪಾಯಿ ಅವರು ಎತ್ತಲಿ, ನಿನ್ನದು ನೀನೆತ್ತು.”

ಉಳಿದ ದಾರಗಳನ್ನು ಕತ್ತರಿಸಿ ಗೋಂದಕ್ಕ ಹದಿನಾರು ಪುಟಗಳನ್ನು ಮೆಲ್ಲಗೆ ಬಿಡಿಸಿದಳು. ಪುಟದ ಅಡಿಯ ಇರುವೆ ಅಕ್ಷರವನ್ನು ಬೆರಳಿಟ್ಟು ತೋರಿಸಿದಳು: ‘ನ.ಅಂ. ೧ – ೧೧’. ಹುಡುಗಿ ದೀಪದ ಹತ್ತಿರ ಹಿಡಿದು ಓದಿದಳು. ಮೊದಲು ಮನಸ್ಸಿನಲ್ಲಿ, ಆಮೇಲೆ ಬಾಯಿಬಿಟ್ಟು.

“‘ಎರಡೂ ನಡುಗುತ್ತಿದ್ದವು. ನಡುಗಲಿ ಎಂದಳು. ಚುಕ್ಕಾಣಿ ನಡುಗದಿದ್ದರೆ ಸಾಕು.’”

ಹದಿನಾರು ಪುಟ ಮುಗಿಯುವವರೆಗೂ ಅವಳು ಎದ್ದೇಳಲಿಲ್ಲ. ಮುಗಿದ ಮೇಲೆ ಬಾಗಿಲ ಹತ್ತಿರ ಹೋಗಿ ಚೀಲ ಎತ್ತಿ ಒಳಗೆ ತಂದಳು. ಅಮ್ಮನಿಗೆ ಫೋನ್ ಮಾಡುವುದನ್ನು ದೊಡ್ಡಮ್ಮನಿಗೇ ಬಿಟ್ಟಳು, ಆ ಸುಳಿಗಾಳಿ ದಾಟಲು ತನ್ನಿಂದ ಆಗುವುದಿಲ್ಲ ಎಂದಳು. ಗೋಂದಕ್ಕ ದಾಟಿದಳು, ಕಿವಿ ಮಾತ್ರ ಬಹಳ ಹೊತ್ತು ಗುಂಯ್ ಎನ್ನುತ್ತಿತ್ತು.

ಬೆಳಗ್ಗೆ ಒಂಬತ್ತಕ್ಕೆ ಗೋಂದಕ್ಕ ಅಂಗಳದ ತಂತಿಬೇಲಿಯ ಹೊರಗೆ ನಿಂತಿದ್ದಳು. ಪಕ್ಕದಲ್ಲಿ ಮೇಷ್ಟ್ರು, ಕೂದಲು ಇನ್ನೂ ಒದ್ದೆ. ಬೇಡವೆಂದರೂ ಬಂದಿದ್ದರು. ಹುಡುಗಿ ಏಣಿ ಹತ್ತುವುದು ಕಂಡಿತು, ಚಿಕ್ಕವಳಿದ್ದಾಗ ಟ್ಯಾಂಕು ಹತ್ತಿದ ಹಾಗೆಯೇ. ಅವಳ ಅಂಗಿಯ ಜೇಬಿನಲ್ಲಿ ಆ ಹದಿನಾರು ಪುಟಗಳ ಫಾರಂ ಮಡಿಚಿಟ್ಟಿತ್ತು. ಬೈಂಡರಾದವಳು ಸಹಿಸುವ ವಿಷಯವಲ್ಲ ಅದು, ಗೋಂದಕ್ಕ ಸಹಿಸಿಕೊಂಡಿದ್ದಳು. ಹುಡುಗಿ ಕ್ಯಾಬಿನ್ನಿನೊಳಗೆ ಹೋದ ಮೇಲೆ ಗಾಜಿನ ಹೊಳಪು ಬಿಟ್ಟರೆ ಏನೂ ಕಾಣಲಿಲ್ಲ. ಕೆಳಗೆ ಹುಡುಗರು ಸಾಲಾಗಿ ನಿಂತು ಕತ್ತೆತ್ತಿದರು. ಪರೀಕ್ಷೆ ನಡೆಸುವ ಫೋರ್‌ಮನ್ ಸೀಟಿ ಊದಿದ.

ಪೀಪಾಯಿ ನೆಲ ಬಿಟ್ಟಿತು. ಮೊದಲ ಕಂಬದ ಹತ್ತಿರ ಗಾಳಿಗೆ ಸ್ವಲ್ಪ ತೂಗಿತು, ಒಂದು ಬೊಗಸೆ ನೀರು ಚೆಲ್ಲಿತು. ಗೋಂದಕ್ಕ ತಂತಿಯನ್ನು ಬಿಗಿಯಾಗಿ ಹಿಡಿದಳು. ಹಿಂದಿನ ಸಲ ಇಲ್ಲೇ ಎಲ್ಲ ನಿಂತುಹೋಗಿತ್ತು. ಪೀಪಾಯಿ ನಿಂತಿತು. ಮೇಲೆ ಯಾರೋ ಉದ್ದಕ್ಕೆ ಉಸಿರು ಬಿಡುವಷ್ಟು ಹೊತ್ತು ನಿಂತೇ ಇತ್ತು. ಆಮೇಲೆ ಹೊರಟಿತು, ಎರಡನೆಯ ಕಂಬ ಸುತ್ತಿತು, ಮೂರನೆಯದರ ಕಡೆಗೆ ತಿರುಗಿತು.

“ಕೊನೆ ಏನಾಗುತ್ತೆ ಹೇಳ್ಲಾ?” ಎಂದರು ಮೇಷ್ಟ್ರು ಮೆಲ್ಲಗೆ.

“ಸುಮ್ನಿರಿ ಮೇಷ್ಟ್ರೇ.”

ಕೆಳಗಿನಿಂದ ಹುಡುಗಿಯ ಕೈ ಕಾಣುತ್ತಿರಲಿಲ್ಲ. ನಡುಗುತ್ತಿದ್ದವು ಎಂದು ಅವಳೇ ಆಮೇಲೆ ಹೇಳಿದಳು, ಎರಡೂ, ಶುರುವಿನಿಂದ ಕೊನೆಯವರೆಗೆ. ಕಾಣುತ್ತಿದ್ದದ್ದು ಕೊಕ್ಕೆ ಮಾತ್ರ. ಅದು ಅಲ್ಲಾಡಲಿಲ್ಲ. ಪೀಪಾಯಿ ಸುಣ್ಣದ ವೃತ್ತದೊಳಗೆ ಕೂತಿತು, ಫೋರ್‌ಮನ್ ಬಂದು ಅಳತೆ ಕೋಲು ಇಳಿಸಿ ನೋಡಿದ. ಎರಡು ಬೆರಳು. ಅವನು ಮೇಲೆ ನೋಡಿ ಹೆಬ್ಬೆರಳೆತ್ತಿದಾಗ ಗೋಂದಕ್ಕ ಬೇಲಿಗೆ ಒರಗಿ, ಯಾರು ನೋಡಿದರೂ ಪರವಾಗಿಲ್ಲ ಎಂದು ಅತ್ತಳು. ಮೇಷ್ಟ್ರು ಒದ್ದೆ ಟವೆಲ್ಲನ್ನೇ ಕೊಟ್ಟರು.

ಸೋಮವಾರ ಅವಳು ಎರಡೂ ಪುಸ್ತಕ ಹೊಲಿಯಲು ಕೂತಳು. ಮೊದಲು ಗ್ರಂಥಪಾಲಕರನ್ನು ಕರೆದು ತನ್ನ ಕೈ ತೋರಿಸಿದಳು, ಹೊಲಿಗೆಯನ್ನೂ ತೋರಿಸಿದಳು. ಅವರು ಇದಕ್ಕೆ ನಿಯಮ ಏನಿದೆ ಎಂದು ಯೋಚಿಸಿ, ಇಲ್ಲವೆಂದು ಕಂಡು, ಅವಳ ಮೇಜಿಗೆ ಇನ್ನೊಂದು ದೀಪ ಕೊಡಿಸುತ್ತೇನೆ ಎಂದರು.

ಅವರು ಹೋದ ಮೇಲೆ ಎರಡನೆಯ ಭಾಗದ ನಿಜವಾದ ಕೊನೆಯನ್ನು ಓದಿದಳು, ಇಷ್ಟು ವರ್ಷ ಉಳಿಸಿಟ್ಟಿದ್ದ ಹದಿನಾರು ಪುಟ. ಅರವತ್ತರ ಅಂಬಿಗಿತ್ತಿ ಚುಕ್ಕಾಣಿಯನ್ನು ತಾನೇ ಕಲಿಸಿದ ಹುಡುಗಿಗೆ ಒಪ್ಪಿಸಿ ದಡಕ್ಕಿಳಿಯುತ್ತಾಳೆ. ಇಳಿದು ಸುಮ್ಮನೆ ಕೂರುವುದಿಲ್ಲ, ದೋಣಿ ಕಣ್ಣಿಗೆ ಮರೆಯಾಗುವವರೆಗೆ ‘ಎಡಕ್ಕೆ, ಇನ್ನೂ ಎಡಕ್ಕೆ’ ಎಂದು ಕೂಗುತ್ತಲೇ ಇರುತ್ತಾಳೆ. ತನ್ನ ಜಾಗದಲ್ಲಿ ಅದೂ ಒಳ್ಳೆಯ ಕೊನೆಯೇ. ಗೋಂದಕ್ಕ ಅದನ್ನು ಅದರ ಪುಸ್ತಕಕ್ಕೆ ಸೇರಿಸಿದಳು, ಭಾಗವನ್ನೂ ಸಂಖ್ಯೆಯನ್ನೂ ಎರಡೆರಡು ಸಲ ನೋಡಿ.

ಮೊದಲ ಭಾಗದ ಫಾರಮ್ಮಿನ ಮೇಲೆ ಗ್ರೀಸಿನ ಹೆಬ್ಬೆರಳ ಗುರುತೊಂದು ಬಿದ್ದಿತ್ತು. ಬೇರೆ ಯಾರಾದರೂ ಮಾಡಿದ್ದರೆ ಗ್ರಹಚಾರ ಬಿಡಿಸುತ್ತಿದ್ದಳು. ಇದನ್ನು ಒರೆಸದೆ ಹೊಲಿದಳು. ಗೋಡೆಯ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಬರೆದಳು: ‘ನನಗೆ ಮಾತ್ರ ಹೇಳಿ, ಕಿವಿಯಲ್ಲಿ.’ ಕಾರ್ಡಿನಲ್ಲಿದ್ದ ಉಳಿದ ನಲವತ್ತೆರಡು ಹೆಸರುಗಳನ್ನು ಒಂದು ಹಾಳೆಗೆ ಇಳಿಸಿಕೊಂಡಳು, ಮೇಷ್ಟ್ರನ್ನು ಬಿಟ್ಟು ಒಬ್ಬೊಬ್ಬರನ್ನೇ ಕರೆಯಬೇಕು.

ಕೊನೆಗೆ ರಟ್ಟಿನ ಒಳಗಿನ ಹಳೆಯ ಚೀಟಿಯನ್ನು ನೀರು ಹಚ್ಚಿ ನೆನೆಸಿ ಕಿತ್ತಳು. ಮೊಣಕೈಯನ್ನು ಮೇಜಿಗೆ ಊರಿ, ಉಸಿರು ಬಿಡುತ್ತ, ಹೊಸ ಚೀಟಿ ಬರೆದು ಅಂಟಿಸಿದಳು: ‘ಯಾರಿಗೆ: ಕೈ ನಡುಗುವವರಿಗೆ.’